ನೆತ್ತಿ ತುಂಬಿತೆಂದ ಕೆಂಪಜ್ಜಿ

ಕೆಂಪಜ್ಜಿಯ ಅಂಗೈ ಯಾವಾಗಲೂ ಹರಳೆಣ್ಣೆ ವಾಸನೆ ಹೊಡೆಯುತ್ತಿತ್ತು. ಗಾವಡಗೆರೆಯ ನಮ್ಮ ಬೀದಿಯ ಕೂಸುಗಳಿಗೆಲ್ಲ ನೀರೆರೆದವಳು ಅವಳೇ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಕಿವಿಗೆ ಎಣ್ಣೆ ಬಿಟ್ಟು, ನೆತ್ತಿಯ ಮೆತ್ತನೆಯ ಗುಳಿಗೂ ಎಣ್ಣೆ ಒತ್ತುವಳು. ಮಿಂದ ಮೇಲೆ ಮೂಗಿಗೆ ಬಾಯಿಟ್ಟು ಉಫ್ ಎಂದು ಊದುವಳು. ಎಂಥ ಹಟಮಾರಿಯೂ ಅಲ್ಲಿಗೆ ಸುಮ್ಮನಾಗುತ್ತಿತ್ತು. ನಡುನಡುವೆ ಕೆಮ್ಮುವಳು. ಆಸ್ಪತ್ರೆಗೆ ತೋರಿಸು ಅಂದರೆ, ಇದು ನಿನ್ನ ಬಚ್ಚಲೊಲೆಯ ಹೊಗೆ ಎಂದು ನನ್ನನ್ನೇ ಗದರುವಳು. ಒಲೆ ಹೊಗೆಯಾಡುತ್ತಿದ್ದುದೂ ನಿಜವೇ.

ನನ್ನ ಮಗನಿಗೆ ಏಳು ತಿಂಗಳಾದಾಗ ಜ್ವರ ಬಂದು ಬಿಟ್ಟು ಮಾಡತೊಡಗಿತು. ಕುಡಿದ ಹಾಲನ್ನೂ ಕಕ್ಕುತ್ತಿದ್ದ. ಹಲ್ಲು ಬರುವ ಜ್ವರ ಎಂದರು ಅತ್ತೆ. ಜ್ವರ ಇಳಿದ ದಿನ ಎರೆಯಲು ಬಂದ ಅಜ್ಜಿ, ನೆತ್ತಿ ಮುಟ್ಟಿದವಳೇ ಮುಖವರಳಿಸಿದಳು. ಗುಳಿ ಹೋಗಿ ಉಬ್ಬಿಕೊಂಡಿತ್ತು.

"ನೋಡವ್ವ, ನೆತ್ತಿ ತುಂಬ್ಕಂಡೈತೆ. ನನ್ನೆಣ್ಣೆ ಕುಡದೈತೆ ಕಣವ್ವ. ಇನ್ನೇನೂ ಭಯ ಇಲ್ಲ ಬುಡು."

ನನಗೂ ಸಂತೋಷವಾಯಿತು. ಹಗಲೆಲ್ಲ ಮಂಕಾಗಿ ಮಲಗಿದವನನ್ನು ಸುಖವಾಗಿ ನಿದ್ದೆ ಮಾಡುತ್ತಿದ್ದಾನೆ ಎಂದುಕೊಂಡೆವು. ಕಣ್ಣು ಮೇಲೆ ಸಿಕ್ಕಿ ಕೈಕಾಲು ಸೆಟೆದಾಗ ಹುಣಸೂರಿಗೆ, ಅಲ್ಲಿಂದ ಮೈಸೂರಿಗೆ ಓಡಿದೆವು. ಬೆನ್ನಿಂದ ನೀರು ತೆಗೆದು ಪರೀಕ್ಷಿಸಿದ ಡಾಕ್ಟರು, ಕ್ಷಯ ಮಿದುಳಿಗೇರಿದೆ ಎಂದರು. ಉಬ್ಬಿದ ನೆತ್ತಿಯೂ ಅದರದೇ ಗುರುತಂತೆ. ಮನೆಯಲ್ಲಿ ಕೆಮ್ಮುವವರು ಯಾರು ಎಂದು ಕೇಳಿದರು. ಯಾರೂ ಇಲ್ಲ ಅಂದೆ. ಆಮೇಲೆ ಬಚ್ಚಲು ನೆನಪಾಯಿತು.

ಅಜ್ಜಿಯ ಕಫದಲ್ಲಿ ಕಾಯಿಲೆ ಸಿಕ್ಕಿ ಅವಳಿಗೂ ಮಾತ್ರೆ ಶುರುವಾಯಿತು. ಕೂಸಿಗೆ ಬಂದದ್ದೂ ಅದೇ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಅವಳಿಂದಲೇ ಬಂತೋ, ಬಿಳಿಕೆರೆ ಬಸ್ಸಿನಲ್ಲಿ ಪಕ್ಕ ಕೂತವರಿಂದಲೋ, ನನಗೆ ಗೊತ್ತಿಲ್ಲ. ಒಂದು ದಿನ ಅವಳನ್ನು ನೆನೆದರೆ ಹೊಟ್ಟೆ ಉರಿಯುತ್ತಿತ್ತು. ಮರುದಿನ ಅವಳ ಕೈಯ ಎಣ್ಣೆ ವಾಸನೆ ಬೇಕೆನಿಸುತ್ತಿತ್ತು. ಯಾವುದು ಸರಿ ಎಂದು ಕೇಳಲು ಯಾರೂ ಸಿಗಲಿಲ್ಲ.

ಮಗ ಉಳಿದ. ಅವನು ನಡೆಯಲು ಕಲಿತ ಮೇಲೆ ಅಜ್ಜಿಯನ್ನು ಒಮ್ಮೆ ಕಂಡೆ, ಅದೇ ಕೊನೆ. ಮಾತ್ರೆ ಮುಗಿದು ಕೆಮ್ಮು ನಿಂತಿದ್ದರೂ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಬೇಲಿಯಾಚೆ ನಿಂತು ಅವನನ್ನು ಕರೆದಳು. ಅವನು ತಿರುಗಲಿಲ್ಲ. ಮತ್ತೆ ಕರೆದಳು.

"ಎರೆಯೋಕೆ ಬರ್ನಿಲ್ಲ ಅಂತ ಮುನಿಸ್ಕಂಡವ್ನೇನವ್ವ?"

ಕಿವಿ ಕೇಳಿಸುವುದಿಲ್ಲ ಅಜ್ಜಿ, ಕಾಯಿಲೆಯಲ್ಲಿ ಹೋಯಿತು ಎಂದೆ. ಅವಳು ತನ್ನ ಅಂಗೈ ನೋಡಿಕೊಂಡಳು.

"ಕಿವೀಗೆ ಎಣ್ಣೆ ಬುಟ್ಟೋಳು ನಾನೇ ಕಣವ್ವ. ಅದ್ರಿಂದ್ಲಾ?"

ಎಣ್ಣೆಯಿಂದಲ್ಲ ಎಂದೆ. ಅದರಲ್ಲಿ ಸುಳ್ಳಿರಲಿಲ್ಲ.

"ಮತ್ಯಾತರಿಂದವ್ವ?"

ಮಗನನ್ನು ಎತ್ತಿಕೊಂಡು ಹೋಗಿ, ಬೇಲಿಯ ಮೇಲಿಂದ ಅವಳ ಕೈಗೆ ಕೊಟ್ಟೆ.