ತೂಬಿನ ಕೆಳಗಿನ ನೀರು

ಇವತ್ತು ಬೆಳಗ್ಗೆ ಬಚ್ಚಲ ಡ್ರಮ್ಮು ತೊಳೆಯುವ ಕೆಲಸ ನನ್ನ ತಲೆಗೆ ಬಂತು. "ತಳದಲ್ಲಿ ಒಂದಿಷ್ಟು ನೀರಿದೆ, ಚೆಲ್ಲಿಬಿಡಿ" ಎಂದಳು ಹೆಂಡತಿ. ಡ್ರಮ್ಮು ವಾಲಿಸುತ್ತಿದ್ದಂತೆ ಕೆಸರಿನ ತಣ್ಣನೆಯ ವಾಸನೆ ಮೂಗಿಗೆ ಬಡಿಯಿತು, ಕೈ ಅಲ್ಲೇ ನಿಂತಿತು. ಡ್ರಮ್ಮಿನ ನೀರು ಚೆಲ್ಲಲು ಇಷ್ಟು ಹಿಂದೆಮುಂದೆ ನೋಡುವ ಗಂಡಸೂ ಇದ್ದಾನೆಯೇ ಎಂದು ನಗಬೇಡಿ. ಇದಕ್ಕೆಲ್ಲ ನಮ್ಮ ಪುಟ್ಟತ್ತೆಯೇ ಕಾರಣ.

ಪುಟ್ಟತ್ತೆ ನಮ್ಮಪ್ಪನ ತಂಗಿ. ಕಣಕಟ್ಟೆ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದರು. ಇಸವಿ ಎರಡು ಸಾವಿರ ದಾಟಿದ ಹೊಸತು, ಆ ಊರಿನ ಕೆರೆ ಸರಿಮಾಡುವ ಯೋಜನೆ ಬಂತು. ಯೋಜನೆಯನ್ನು ಊರವರ ಮುಂದೆ ಓದಿ ಒಪ್ಪಿಗೆ ಪಡೆಯಬೇಕಂತೆ. ನಾನಾಗ ಬಾಣಾವರದಲ್ಲಿ ಮೇಷ್ಟರು. ದೊಡ್ಡ ಗಂಟಲೊಂದು ಬಿಟ್ಟರೆ ನನ್ನಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಆ ಗಂಟಲಿಗಾಗಿಯೇ ನನ್ನನ್ನು ಕರೆಸಿದ್ದರು.

ಅರಳಿಕಟ್ಟೆಯ ಮೇಲೆ ನಿಂತು ಓದಿದೆ. ಹೂಳೆತ್ತುವುದು, ಏರಿ ಬಿಗಿ ಮಾಡುವುದು, ಎಲ್ಲದಕ್ಕೂ ಜನ ತಲೆಯಾಡಿಸಿದರು. ಆಮೇಲೆ ಬಂತು: "ತೋಟಗಳಿಗೆ ನೀರು ಬಿಡುವ ತೂಬನ್ನು ಕೆಳಕ್ಕಿಳಿಸಿ, ಅದರ ಕೆಳಗೆ ನಿಲ್ಲುವ ಸತ್ತ ನೀರನ್ನೂ ಬಳಸಿಕೊಳ್ಳುವುದು." ತೆಂಗಿನ ತೋಟದವರು ಚಪ್ಪಾಳೆ ತಟ್ಟಿದರು. ನಾನು ಅದು ನನಗೇ ಎಂದುಕೊಂಡೆ.

"ಏನ್ಲಾ ಓದ್ದೆ? ಇನ್ನೊಂದ್ಸಲ ಓದು" ಎಂದಳು ಪುಟ್ಟತ್ತೆ, ಹೆಂಗಸರ ನಡುವಿನಿಂದ ಎದ್ದು.

ಓದಿದೆ.

"ಗಂಗಮ್ಮ ಸತ್ತಳಾ? ಯಾವಾಗ್ಲಾ?"

ಯೋಜನೆಯ ಎಂಜಿನಿಯರು ನನ್ನ ಪಕ್ಕದಲ್ಲೇ ಕೂತಿದ್ದರು, ಒಳ್ಳೆಯ ಮನುಷ್ಯ. "ಅದು ಇಂಗ್ಲಿಷಿನ ಮಾತಮ್ಮಾ. ಕನ್ನಡ ಮಾಡೋವಾಗ ಹಂಗಾಗಿದೆ. ಆ ನೀರು ಹೊರಗೆ ಹರಿದು ಹೋಗಲ್ಲ ಅಂತ ಅರ್ಥ, ಅಷ್ಟೇ."

"ಹರಿದು ಹೋಗಲ್ಲ ಅಂದ್ರೆ ಊರಲ್ಲೇ ಐತೆ ಅಂತ ತಾನೇ ಸ್ವಾಮಿ? ಊರು ಬಿಟ್ಟು ಹೋಗದೇ ಇರೋರೆಲ್ಲ ಸತ್ತೋರಾ?"

ನಗೆಯೋ ನಗೆ. ಅತ್ತೆ ಮಾತ್ರ ನಗಲಿಲ್ಲ. ಅವಳ ಮಗಳು ಗಿರಿಜೆಯ ಮದುವೆ ಮುಂದಿನ ವೈಶಾಖಕ್ಕೆ ಗೊತ್ತಾಗಿತ್ತು. ಆ ಊರಲ್ಲಿ ಮದುವೆಗೆ ಮುಂಚೆ ಮುತ್ತೈದೆಯರು ಓಲಗದ ಜೊತೆ ಕೆರೆಗೆ ಹೋಗಿ, ಪೂಜೆ ಮಾಡಿ, ಕಳಶದಲ್ಲಿ ಗಂಗೆ ತರಬೇಕು. ವೈಶಾಖದಲ್ಲಿ ಕೆರೆಯಲ್ಲಿ ಉಳಿಯುವುದು ತೂಬಿನ ಕೆಳಗಿನ ನೀರೊಂದೇ. ದನಕರು, ಹಕ್ಕಿಪಕ್ಕಿಗೂ ಅದೇ.

"ಅದು ಗಂಗಮ್ಮನ ಪಾಲು. ಅದನ್ನೂ ಬಸಿದ್ಬಿಟ್ರೆ ನನ್ ಗಿರಿಜೆಗೆ ಗಂಗೆ ಎಲ್ಲಿಂದ ತರ್ಲಿ? ನಲ್ಲಿ ಮುಂದೆ ಓಲಗ ಊದಿಸ್ಲಾ?" ಎಂದಳು ಅತ್ತೆ.

"ಮತ್ತೆ ನಮ್ ತೆಂಗು ಒಣಗ್ಲೇನಕ್ಕಾ?" ಎಂದ ತೋಟದವನೊಬ್ಬ. ಅದೂ ಸುಳ್ಳಲ್ಲ. ಮಾತಿಗೆ ಮಾತು ಬೆಳೆಯಿತು, ಕಾಫಿ ಬಂತು, ಮತ್ತೆ ಬೆಳೆಯಿತು. ಕಡೆಗೆ ಎಂಜಿನಿಯರೇ ಹೇಳಿದರು: "ತೂಬು ಇದ್ದಲ್ಲೇ ಇರ್ಲಿ. ಅದರ ಮೇಲ್ಮಟ್ಟದ ಹೂಳನ್ನ ಇನ್ನಷ್ಟು ತೆಗೆಸೋಣ, ತೋಟಕ್ಕೂ ನೀರು ಹೆಚ್ಚುತ್ತೆ." ತೋಟದವರು ಗೊಣಗುತ್ತಲೇ ಒಪ್ಪಿದರು. ಅತ್ತೆ ಅಷ್ಟಕ್ಕೇ ಬಿಡಲಿಲ್ಲ. 'ಸತ್ತ ನೀರಿ'ನ ಸಾಲನ್ನೇ ಹೊಡೆದುಹಾಕಿಸಿ, 'ತೂಬಿನ ಕೆಳಗಿನದು ಗಂಗಮ್ಮನ ಪಾಲು' ಎಂದು ಬರೆಸಿ, ಮತ್ತೆ ನನ್ನ ಕೈಲಿ ಓದಿಸಿದಳು. ಈ ಸಲ ಚಪ್ಪಾಳೆ ಹೆಂಗಸರದು.

ವೈಶಾಖದಲ್ಲಿ ಕೆರೆ ಬತ್ತಿ, ನಡುವೆ ಒಂದು ಕಣದಷ್ಟಗಲ ನೀರು ಉಳಿದಿತ್ತು. ಅದರಲ್ಲಿ ಎಮ್ಮೆಗಳು ಕುತ್ತಿಗೆಮಟ್ಟ ಕೂತಿದ್ದವು. ಮದುವೆಗೆ ಎಂಜಿನಿಯರೂ ಬಂದಿದ್ದರು. ಅತ್ತೆ ಕಳಶ ಮುಳುಗಿಸಿದಾಗ ಪಕ್ಕದಲ್ಲೇ ಮೀನೊಂದು ಚಿಮ್ಮಿ ಅವಳ ರೇಷ್ಮೆ ಸೀರೆಯೆಲ್ಲ ಕೆಸರಾಯಿತು. "ನೋಡ್ರೀ ಸ್ವಾಮಿ, ನಿಮ್ ಸತ್ತ ನೀರು!" ಎಂದು ಕೂಗಿದಳು. ಆಮೇಲೆ ಅಳು ತಡೆಯಲಾರದೆ ಗಿರಿಜೆಯನ್ನು ತಬ್ಬಿಕೊಂಡಳು. ಅತ್ತೆ ಈಗಿಲ್ಲ. ಹೋದ ತಿಂಗಳು ಗಿರಿಜೆ ಫೋನು ಮಾಡಿದ್ದಳು. ಅವಳ ಮಗಳಿಗೂ ಗಂಡು ಗೊತ್ತಾಗಿದೆಯಂತೆ, ಗಂಗೆ ಅದೇ ಕೆರೆಯಿಂದಲೇ ಅಂತೆ.

"ಆಯ್ತೇನ್ರೀ?" ಒಳಗಿಂದ ಕೂಗು.

ಡ್ರಮ್ಮಿನ ನೀರನ್ನು ಚೊಂಬಿನಲ್ಲಿ ಮೊಗೆದು ಹಿತ್ತಿಲ ಮಣ್ಣಿನ ಬಾನಿಗೆ ಸುರಿದು ಬಂದೆ. "ಚೆಲ್ಲಲಿಲ್ಲ ಕಣೇ. ಗಂಗಮ್ಮನ ಪಾಲು."

"ಸರಿ, ಗಂಗಮ್ಮನ್ನ ಮಾತಾಡಿಸಿದ್ದು ಸಾಕು, ಡ್ರಮ್ಮು ಉಜ್ಜಿ" ಎಂದಳು.

ಉಜ್ಜತೊಡಗಿದೆ. ಹಿಂದೆ ಪಟಪಟ ಸದ್ದಾಯಿತು. ತಿರುಗಿ ನೋಡಿದರೆ ಗೊರವಂಕವೊಂದು ಬಾನಿಯೊಳಗೆ ಇಳಿದು, ರೆಕ್ಕೆ ಬಡಿದು ಸ್ನಾನ ಮಾಡುತ್ತಿತ್ತು.