ಎಲ್ಲ ಕೈ ಮೇಲಿದ್ದವು

ಹೆದರಿಕೆ ಎಂದರೇನು, ಗೊತ್ತೇ? ಹುನಗುಂದದ ಒಂದು ಖಾಸಗಿ ಶಾಲೆಯ ವರಾಂಡದಲ್ಲಿ ಕೂತು, ಒಳಗೆ ನಿಮ್ಮ ಮಗಳು ಆರನೇ ಕ್ಲಾಸಿಗೆ ಪಾಠ ಮಾಡುವುದನ್ನು ಕಿಟಕಿಯಿಂದ ಕದ್ದು ಕೇಳುವುದು. ಕಳೆದ ವಾರ ನನಗೆ ಅದು ಚೆನ್ನಾಗಿ ಗೊತ್ತಾಯಿತು.

(ಮಗಳ ಇಂಟರ್‌ವ್ಯೂಗೆ ತಾಯಿ ಯಾಕೆ ಎಂದು ನಗಬೇಡಿ. ಇಳಕಲ್ಲಿನಿಂದ ಸ್ಕೂಟಿ ಓಡಿಸಿದ್ದು ಅವಳೇ. ಹಿಂದೆ ಕೂತು ಚಾರ್ಟು ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು.)

ಶ್ರೀದೇವಿ ಬಿ.ಎಡ್. ಮುಗಿಸಿದ್ದಾಳೆ. ಟಿಇಟಿಯೂ ಪಾಸು. ಸರ್ಕಾರಿ ನೇಮಕಾತಿ ಯಾವಾಗ ಎಂದು ಕೇಳಿದರೆ ಎಲ್ಲರೂ ಆಕಾಶ ನೋಡುತ್ತಾರೆ. ಹಾಗಾಗಿ ಖಾಸಗಿ ಶಾಲೆ. ಅಲ್ಲಿ ಮೊದಲು 'ಡೆಮೊ' ಕೊಡಬೇಕು. ನಿಜವಾದ ಕ್ಲಾಸಿನಲ್ಲಿ ನಿಜವಾದ ಮಕ್ಕಳಿಗೆ ಒಂದು ಪೀರಿಯಡ್ ಪಾಠ; ಹಿಂದಿನ ಬೆಂಚಿನಲ್ಲಿ ಹೆಡ್ ಸರ್. ಬಾಗಲಕೋಟೆ ಆಗಿತ್ತು, ಬಾದಾಮಿ ಆಗಿತ್ತು. ಎಲ್ಲಿಂದಲೂ ಫೋನ್ ಬರಲಿಲ್ಲ.

ಹೊರಡುವಾಗಲೇ ಹೇಳಿದ್ದಳು. "ಅವ್ವಾ, ಇದೂ ಆಗ್ಲಿಲ್ಲಂದ್ರ ನಾ ಮತ್ತ ಸಾಲಿ ಮೆಟ್ಟಲಾ ಹತ್ತೂದಿಲ್ಲ. ಕಾಕಾನ ಸೀರಿ ಅಂಗಡ್ಯಾಗ ಕೂಡ್ತೇನಿ."

ಸೀರೆ ಅಂಗಡಿಯೇನು ಕೀಳೇ? ಅಲ್ಲ. ಆದರೆ ಈ ಹುಡುಗಿ ಚಿಕ್ಕವಳಿದ್ದಾಗ ದಿಂಬುಗಳನ್ನು ಸಾಲಾಗಿ ಕೂರಿಸಿ ಮಗ್ಗಿ ಹೇಳಿಕೊಟ್ಟವಳು. ಅವಳ ಕೈಯಿಂದ ಚಾಕ್‌ಪೀಸ್ ಜಾರಿದರೆ ಮತ್ತೆ ಹಿಡಿಯುವುದಿಲ್ಲ, ಹಟಮಾರಿ. ನನ್ನ ಭಯ ಅದೇ.

ಇಲ್ಲಿ ನಮ್ಮ ಬಿ.ಎಡ್. ಲೋಕದ ಒಂದು ಗುಟ್ಟು ಹೇಳಬೇಕು. ಅಭ್ಯಾಸ ಪಾಠದ ದಿನ ಪರೀಕ್ಷಿಸಲು ಲೆಕ್ಚರರ್ ಬರುವ ಮುಂಚೆ ನಮ್ಮ ಟ್ರೇನಿಗಳು ಮಕ್ಕಳಿಗೆ ಹೇಳಿಟ್ಟಿರುತ್ತಾರೆ. ಪ್ರಶ್ನೆ ಕೇಳಿದ ಕೂಡಲೇ ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಬಲಗೈ ನೋಡಿ ಎಬ್ಬಿಸಿದರಾಯಿತು, ಕ್ಲಾಸೆಲ್ಲ ಜಾಣರು! (ಇಳಕಲ್ಲಿನ ಬಿ.ಎಡ್. ಕಾಲೇಜಿನಲ್ಲೇ ಪಾಠ ಮಾಡುವ ನನಗೆ ಇದು ಗೊತ್ತಿಲ್ಲವೆಂದು ಅವರು ನಂಬಿದ್ದಾರೆ. ನಂಬಲಿ ಬಿಡಿ.)

ಹುನಗುಂದದಲ್ಲಿ ಹೆಡ್ ಸರ್ ನನ್ನ ಮಗಳನ್ನು ಕ್ಲಾಸಿಗೆ ಬಿಟ್ಟು, ಫೋನ್ ಬಂತೆಂದು ಹೊರಗೆ ಹೋದರು. ಸಿಕ್ಕಿದ್ದೇ ಅವಕಾಶ. ಶ್ರೀದೇವಿ ಮೆಲ್ಲಗೆ ಶುರು ಮಾಡಿದಳು, "ನೋಡ್ರಿ, ನಾ ಪ್ರಶ್ನಿ ಕೇಳಿದಾಗ..."

ಮುಂದಿನ ಬೆಂಚಿನ ಹುಡುಗಿ ಮಾತು ಮುಗಿಸಲು ಬಿಡಲಿಲ್ಲ. "ಗೊತ್ತಿದ್ರ ಬಲಗೈ, ಇಲ್ಲಂದ್ರ ಎಡಗೈ. ಗೊತ್ತೈತ್ರಿ ಟೀಚರ್. ದಿನಾ ಬರೋ ಹೊಸಾ ಟೀಚರ್ ಎಲ್ಲಾರೂ ಇದನ್ನ ಹೇಳ್ತಾರ್ರಿ."

"ದಿನಾ ಹೊಸಬ್ರು ಬರ್ತಾರ?"

"ಹೂಂನ್ರಿ. ಒಬ್ಬರೂ ತಿರುಗಿ ಬರೂದಿಲ್ಲ. ನೀವರೆ ನಾಳಿಗೆ ಬರ್ತೀರೇನ್ರಿ?"

ಕಿಟಕಿಯ ಹೊರಗೆ ಕೂತ ನನಗೆ ಆಗ ಹೊಳೆಯಿತು. ಆ ಕ್ಲಾಸಿಗೆ ವಿಜ್ಞಾನದ ಟೀಚರೇ ಇಲ್ಲ. ಅದು ಡೆಮೊಗಳ ಮೇಲೆಯೇ ನಡೆಯುತ್ತಿತ್ತು. ಬಿ.ಎಡ್. ಮುಗಿಸಿದವರು ಊರೂರಿನಿಂದ ಬರುತ್ತಿರುವಾಗ ಸಂಬಳ ಕೊಟ್ಟು ಟೀಚರನ್ನು ಯಾಕೆ ಇಟ್ಟುಕೊಳ್ಳಬೇಕು?

ಮಗಳು ಪಾಠ ಮಾಡಿದಳು. ಚೆನ್ನಾಗಿಯೇ ಮಾಡಿದಳು. ಎಲೆ ಹೇಗೆ ಆಹಾರ ತಯಾರಿಸುತ್ತದೆ ಎಂದು ನಾನೇ ಹೊಸದಾಗಿ ಕಲಿತಂತಾಯಿತು. "ಭಾಳ ಚಲೋ ಆತ್ರಿ, ತಿಳಿಸ್ತೇವಿ," ಎಂದರು ಹೆಡ್ ಸರ್.

ತಿಳಿಸಿದರು ಕೂಡ. "ಏಳನೇ ಕ್ಲಾಸಿಗೆ ಇನ್ನೊಂದು ಡೆಮೊ ಕೊಡ್ರಿ."

ಶ್ರೀದೇವಿ ಫೋನ್ ಕೆಳಗಿಟ್ಟು ನನ್ನ ಮುಖ ನೋಡಿದಳು. "ಅಲ್ಲೂ ಟೀಚರ್ ಇಲ್ಲಂತ ಕಾಣ್ತೈತಿ, ಅವ್ವಾ."

ಸೋಮವಾರದಿಂದ ಅವಳು ಅಂಗಡಿಗೆ ಹೋಗುತ್ತಿದ್ದಾಳೆ. ಎಲೆಯ ಚಾರ್ಟು ಕಪಾಟಿನ ಮೇಲಿದೆ. ಅದನ್ನು ತೆಗೆದು ಒಳಗಿಡಲು ನನಗೆ ಭಯ, ಇಟ್ಟರೆ ಮುಗಿದೇ ಹೋಯಿತಲ್ಲ ಎಂದು.

ಇಷ್ಟರ ಮೇಲೆ, ಶನಿವಾರ ನಮ್ಮ ಕಾಲೇಜಿನಲ್ಲಿ ನನ್ನದೇ ಉಪನ್ಯಾಸ. ವಿಷಯ: 'ಬಿ.ಎಡ್. ನಂತರ ಮುಂದೇನು?' (ಪ್ರಿನ್ಸಿಪಾಲರು ತಿಂಗಳ ಹಿಂದೆಯೇ ಒಪ್ಪಿಸಿದ್ದರು. ತಪ್ಪಿಸಿಕೊಳ್ಳಲು ಜ್ವರವೂ ಬರಲಿಲ್ಲ.) ಸರ್ಕಾರಿ ಶಾಲೆ, ಖಾಸಗಿ ಶಾಲೆ, ಅತಿಥಿ ಶಿಕ್ಷಕರ ಹುದ್ದೆ, ಎಂ.ಎಡ್., ಕೋಚಿಂಗ್, ಆನ್‌ಲೈನ್ ಟ್ಯೂಷನ್. ಸ್ಲೈಡಿನಲ್ಲಿ ಒಂದೊಂದಕ್ಕೂ ಒಂದೊಂದು ಬಾಣ. ಎಲ್ಲ ಬಾಣಗಳೂ ಮೇಲಕ್ಕೇ. ಹೇಳುತ್ತ ಹೇಳುತ್ತ ಎದುರಿದ್ದ ಮುಖಗಳನ್ನು ಒಂದೊಂದಾಗಿ ನೋಡಿದೆ. ಇವರಲ್ಲಿ ಯಾರು ಬರುವ ವರ್ಷ ಆ ಆರನೇ ಕ್ಲಾಸಿನ ಮುಂದೆ ನಿಲ್ಲುತ್ತಾರೆ?

ಕೊನೆಗೆ ಅಭ್ಯಾಸಬಲದಿಂದ ಕೇಳಿಬಿಟ್ಟೆ. "ಟೀಚರ್ ಆಗೇ ಆಗ್ತೇವಿ ಅನ್ನೂ ನಂಬಿಕಿ ಯಾರ್ಯಾರಿಗೆ ಐತಿ? ಕೈ ಎತ್ರಿ ನೋಡೂಣು."

ಹಾಲಿನಲ್ಲಿದ್ದವರೆಲ್ಲ ಕೈ ಎತ್ತಿದರು.

ಯಾವ ಕೈ ಎಂದು ನೋಡಲು ನನಗೆ ಧೈರ್ಯ ಬರಲಿಲ್ಲ.