ಹೊಟ್ಟೆ ದಪ್ಪದ ಮ

ಗಣಿಯೂರು ಉಸಗಾಂವದ ಕೆಂಪು ಧೂಳು ಊಟದ ತಟ್ಟೆಯ ಮೇಲೂ ಕೂರುತ್ತಿದ್ದ ಕಾಲವದು. ಅದಿರು ಹೊರುವ ಟಿಪ್ಪರ್‌ಗಳು ನಮ್ಮ ಖೋಲಿಯ ಮುಂದೆಯೇ ಸಾಲಾಗಿ ನಿಲ್ಲುತ್ತಿದ್ದವು. ಅವುಗಳ ಹಣೆಯ ಮೇಲೆ ಹೆಸರು ಬರೆಯುತ್ತಿದ್ದವನು ನನ್ನ ತಮ್ಮ ಶಿವು. ಅವನು ಬ್ರಷ್ ಹಿಡಿದರೆ ಅಕ್ಷರಗಳು ಓಡಿ ಬಂದಂತೆ ಮುಂದಕ್ಕೆ ಬಾಗುತ್ತಿದ್ದವು. ಕೊನೆಯ ಅಕ್ಷರದ ಬಾಲ ಹಿಂದಕ್ಕೆ ತಿರುಗಿ ಇಡೀ ಹೆಸರಿನ ಕೆಳಗೆ ಗೆರೆಯಾಗುತ್ತಿತ್ತು. ಬಣ್ಣ ತೀರುವಲ್ಲಿ ಬ್ರಷ್ಷಿನ ಕೂದಲ ಗುರುತು ಉಳಿಯುತ್ತಿತ್ತು. ಅವ್ವ ಅವನ ರೊಟ್ಟಿಗಷ್ಟೇ ಬೆಣ್ಣೆ ಹಾಕುತ್ತಿದ್ದಳು. ನನ್ನನ್ನು ನಾಲ್ಕನೇ ಇಯತ್ತೆಗೇ ಶಾಲೆ ಬಿಡಿಸಿದ್ದರು. ಟರ್ಪೆಂಟೈನ್ ನಾರುವ ಅವನ ಅಂಗಿ ಒಗೆಯುವವಳು ನಾನು.

ಆ ವರ್ಷ ನಾಕಾದಲ್ಲಿ ಸ್ಟಿಕರ್ ಅಂಗಡಿ ಬಂತು. ಕಂಪ್ಯೂಟರಿನ ಅಕ್ಷರಗಳೂ ಥೇಟ್ ಬ್ರಷ್ಷಿನವು: ಅದೇ ಓಟ, ಅದೇ ಬಾಲ, ಕೂದಲ ಗುರುತು ಸಹ. ಲಾರಿ ಬಂದರೆ ಸಾಕು, ಕೈಬರಹವೋ ಸ್ಟಿಕರೋ ಎಂದು ನಾವು ಹುಡುಗ-ಹುಡುಗಿಯರು ಪಂದ್ಯ ಕಟ್ಟುತ್ತಿದ್ದೆವು. ಗುಟ್ಟು ಹೇಳಿಕೊಟ್ಟವನು ಶಿವುನೇ.

"ಒಂದ ಅಕ್ಷರ ಎರಡ ಸಲ ಬಂದೈತೇನ ನೋಡಕ್ಕಾ. ಸ್ಟಿಕರ್‌ನ್ಯಾಗ ಎರಡೂ ಅವಳಿ-ಜವಳಿ. ಕೈಲೆ ಬರದಿದ್ದು ಬರೇ ಅಕ್ಕ-ತಮ್ಮ, ನಾನು ನೀನು ಇದ್ದಂಗ."

ಬೆಳಗಾವಿ ಕಡೆಯ ಸಾವಕಾರನೊಬ್ಬನಿಗೆ ಹೊಸ ಟಿಪ್ಪರಿನ ಮೇಲೆ ಮಗಳ ಹೆಸರು ಬರೆಸಬೇಕಿತ್ತು: ಮಮತಾ. ಸ್ಟಿಕರ್ ಅಂಗಡಿಯ ಮಾದರಿ ಹಾಳೆ ಹಿಡಿದೇ ಬಂದ.

"ಹಿಂಗ ಬರದ್ರ ನನ್ನ ಎಲ್ಲಾ ಗಾಡಿ ನಿನಗ. ಇಲ್ಲಾಂದ್ರ ಎಲ್ಲಾಕ್ಕೂ ಸ್ಟಿಕರ್."

ಶಿವು ಉಸಿರು ಬಿಗಿಹಿಡಿದು ಬರೆದ. ಕೈಯನ್ನು ನಕಲು ಮಾಡುವ ಯಂತ್ರವನ್ನು ಅವನ ಕೈ ನಕಲು ಮಾಡಿತು. ಸಾವಕಾರ ಹಾಳೆ ನೋಡಿದ, ಲಾರಿ ನೋಡಿದ.

"ಭಾರಿ ಬರದಿ ಬಿಡಲೇ ಪೋರಾ!"

ಅವ್ವ ಸೆರಗಿನಿಂದ ಅವನ ಬೆವರು ಒರೆಸಿದಳು. ನನ್ನ ಕೈಯಲ್ಲಿ ಅವನ ಅಂಗಿ ನೆನೆಸಿದ ಬಕೆಟ್ಟಿತ್ತು.

"ಎರಡೂ ಮ ಬ್ಯಾರೆ ಬ್ಯಾರೆ ಅದಾವ್ರಿ," ಎಂದೆ. "ಎರಡನೇದರ ಹೊಟ್ಟಿ ದಪ್ಪ ಐತಿ, ಬಸುರಿ ಹಂಗ."

"ಮಮತಾ ಬಸುರಾಗ್ಯಾಳಪ್ಪೋ!" ಎಂದು ಡ್ರೈವರನೊಬ್ಬ ಕೂಗಿದ. ಉಳಿದವರು ಬಿದ್ದು ಬಿದ್ದು ನಕ್ಕರು. ಸಾವಕಾರನ ಮುಖ ಕಪ್ಪಿಟ್ಟಿತು. ನನಗಲ್ಲ, ಶಿವುವಿನ ಕೆನ್ನೆಗೆ ಬಾರಿಸಿದ.

"ಕೆರದ ತಗೀಲೇ. ಎಲ್ಲಾ ತಗಿ."

ಹಸಿ ಅಕ್ಷರಗಳನ್ನು ಶಿವು ಬ್ಲೇಡಿನಿಂದ ಕೆರೆದ. ಸೀಮೆಎಣ್ಣೆಯ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಸುಳ್ಳು ಹೇಳುವುದಿಲ್ಲ, ಒಳಗೊಳಗೇ ಹಿಗ್ಗಿದ್ದೆ. ಬೇರೆ ಮಾಲೀಕರೂ ಅವನನ್ನು ಕರೆಯಲಿಲ್ಲ. ಅವನು ಅದೇ ಲಾರಿಗಳನ್ನು ತೊಳೆಯುವ ಕ್ಲೀನರ್ ಆದ. ಬ್ರಷ್‌ಗಳನ್ನು ಮಾತ್ರ ತೊಳೆಯಲಿಲ್ಲ. ಬಣ್ಣ ಒಣಗಿ ಕಟ್ಟಿಗೆಯಾದವು.

ಈಗ ಕೆಪೆ ಎಂಬ ಊರಿನಲ್ಲಿ ನನ್ನದೊಂದು ಸಣ್ಣ ಖಾನಾವಳಿ ಇದೆ. ಮೊನ್ನೆ ಶಿವುನನ್ನು ಕರೆದು, "ಬೋರ್ಡ ನೀನ ಬರದಕೊಡೊ. ಹೆಸರೂ ನಿನಗ ಬೇಕಾದ್ದ ಇಡು," ಎಂದೆ. ಕ್ಷಮೆ ಕೇಳಲು ನನಗೆ ತಿಳಿದದ್ದು ಅಷ್ಟೇ. ಹೂಂ ಎಂದು ಹೋದವನು ಸುತ್ತಿದ ಫ್ಲೆಕ್ಸ್ ತಂದು ಬಿಚ್ಚಿದ. ಕಂಪ್ಯೂಟರಿನ ಬ್ರಷ್ ಅಕ್ಷರಗಳಲ್ಲಿ ಮಮತಾ ಖಾನಾವಳಿ.

"ಎರಡೂ ಮ ನೋಡ್ಕೊ ಅಕ್ಕಾ. ಅವಳಿ-ಜವಳಿ ಅದಾವ. ಈಗ ಯಾರೂ ನಗಂಗಿಲ್ಲ."

ಚಹಾ ಕುಡಿಯದೆ ಹೋದ. ಫ್ಲೆಕ್ಸನ್ನು ನಾನೇ ಕಟ್ಟಿದೆ. ದಾರಿಯಲ್ಲಿ ಹಳೆಯ ಟಿಪ್ಪರ್ ಕಂಡರೆ ಇಂದಿಗೂ ಹಣೆಯ ಹೆಸರು ನೋಡುತ್ತೇನೆ. ಎಲ್ಲವೂ ಅವಳಿಗಳೇ. ಅಕ್ಕ-ತಮ್ಮನಂತಿರುವ ಎರಡು ಅಕ್ಷರ ಎಲ್ಲೂ ಸಿಗುವುದಿಲ್ಲ.